ಯಂತ್ರದ ಮಾತು, ಕಾಯಕದ ಅಳತೆ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಸದ್ಭಕ್ತರ ಮನೆಗಳನ್ನು ಇಂದು ಗಣಕಯಂತ್ರವು ಎರಡು ದಾರಿಗಳಿಂದ ಪ್ರವೇಶಿಸಿದೆ. ಹೊಲದ ಪಹಣಿ, ಹಿರಿಯರ ಪಿಂಚಣಿ, ಬ್ಯಾಂಕಿನ ಲೆಕ್ಕಗಳೆಲ್ಲ ಅಂಗೈಯ ಮೊಬೈಲಿಗೆ ಬಂದಿರುವುದು ಒಂದು. ಓದಿದ ಮಕ್ಕಳು ಹೈದರಾಬಾದು, ಪುಣೆ, ಬೆಂಗಳೂರುಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುತ್ತಿರುವುದು ಇನ್ನೊಂದು. ಆದುದರಿಂದ ತಂತ್ರಜ್ಞಾನದ ವಾರ್ತೆಯು ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಿ ಹಾಕುವ ಕಾಲ ಮುಗಿದಿದೆ. ಅದನ್ನು ಹೇಗೆ ಓದಬೇಕು, ಎಷ್ಟು ನಂಬಬೇಕು ಎಂಬುದೇ ಈಗಿನ ಪ್ರಶ್ನೆ.

ಮಠದ ಪಾಠಶಾಲೆಗಳಲ್ಲಿ ತರ್ಕವನ್ನು ಕಲಿಸುವಾಗ ಶಬ್ದಪ್ರಮಾಣದ ವಿಚಾರ ಬರುತ್ತದೆ. ಕೇಳಿದ ಮಾತೆಲ್ಲ ಪ್ರಮಾಣವಲ್ಲ. ವಿಷಯವನ್ನು ಬಲ್ಲವನೂ ವಂಚಿಸದವನೂ ಆದ ಆಪ್ತನ ಮಾತು ಮಾತ್ರವೇ ಪ್ರಮಾಣ. ಕಲ್ಯಾಣದ ಅನುಭವ ಮಂಟಪದಲ್ಲಿಯೂ ಪ್ರಶ್ನಿಸದೆ ಒಪ್ಪಿಕೊಳ್ಳುವ ರೂಢಿ ಇರಲಿಲ್ಲ. ಮಹಾದೇವಿಯಕ್ಕನವರಂಥ ವಿರಾಗಿಣಿಯನ್ನೂ ಅಲ್ಲಮಪ್ರಭುಗಳು ಪರೀಕ್ಷಿಸಿಯೇ ಬರಮಾಡಿಕೊಂಡರೆಂಬುದನ್ನು ಶೂನ್ಯಸಂಪಾದನೆಯು ಹೇಳುತ್ತದೆ. ಹೀಗಿರಲು ಯಂತ್ರವನ್ನು ಮಾರುವವನ ಮಾತನ್ನು ಒರೆಗೆ ಹಚ್ಚುವುದರಲ್ಲಿ ಸಂಕೋಚವೇಕೆ?

2025ರ ಜೂನ್ ತಿಂಗಳಿನಲ್ಲಿ 1600 ಕೋಟಿ ಪಾಸ್‌ವರ್ಡುಗಳು ಸೋರಿಹೋದವೆಂಬ ಸುದ್ದಿಯು ಲೋಕದ ಪತ್ರಿಕೆಗಳಲ್ಲೆಲ್ಲ ಹರಡಿತು. ಭೂಮಿಯ ಮೇಲಿನ ಜನಸಂಖ್ಯೆಯೇ 800 ಕೋಟಿಯನ್ನು ತುಸು ಮೀರಿದೆ. ಈ ಅಂಕಿಯು ಅದರ ಇಮ್ಮಡಿ. ತಜ್ಞರು ಪರಿಶೀಲಿಸಿದಾಗ ಅದು ಒಂದು ಹೊಸ ಕಳವು ಅಲ್ಲವೆಂದೂ, ಹಿಂದೆ ಬೇರೆ ಬೇರೆ ಕಡೆ ಕದ್ದವುಗಳನ್ನು ಒಂದೆಡೆ ಗುಡ್ಡೆ ಹಾಕಿದುದೆಂದೂ ತಿಳಿದುಬಂದಿತು. ಆದರೆ ಮೊದಲ ಸುದ್ದಿಗೆ ದೊರೆತ ದಪ್ಪಕ್ಷರ ತಿದ್ದುಪಡಿಗೆ ದೊರೆಯಲಿಲ್ಲ. ಪಾಸ್‌ವರ್ಡುಗಳು ಕಳುವಾಗುತ್ತವೆಂಬುದು ಸುಳ್ಳಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸಬಾರದೆಂಬ ಬುದ್ಧಿಮಾತೂ ಸರಿಯಾದುದೇ. ಆದರೆ ಭಯವನ್ನು ಹುಟ್ಟಿಸುವ ಅಂಕಿಯು ವಿವೇಕವನ್ನು ಹುಟ್ಟಿಸಲಾರದು. ಇದನ್ನು ಹೇಳಿದವರು ಯಾರು, ಹೇಳುವುದರಿಂದ ಅವರಿಗೇನು ಲಾಭ, ಸಂಗತಿ ಹೊಸದೋ ಹಳೆಯದೋ ಎಂದು ವಿಚಾರಿಸಿದ ಮೇಲೆಯೇ ಅದನ್ನು ನೆರೆಮನೆಗೆ ದಾಟಿಸಬೇಕು.

ರಕ್ಷಣೆಗೆಂದು ಇಟ್ಟುದೇ ಬಾಧೆಯಾದ ಪ್ರಸಂಗವೂ ಉಂಟು. 2024ರ ಜುಲೈ 19ರಂದು ಅಮೆರಿಕೆಯ ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಸಂಸ್ಥೆಯು ತನ್ನ ಕಾವಲು ತಂತ್ರಾಂಶಕ್ಕೆ ಕಳುಹಿಸಿದ ದೋಷಯುಕ್ತ ತಿದ್ದುಪಡಿಯಿಂದ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ತಬ್ಧವಾದವು. ಆಸ್ಪತ್ರೆ, ಬ್ಯಾಂಕು, ವಿಮಾನ ಸಂಚಾರಗಳು ತತ್ತರಿಸಿದವು. ಹುಮನಾಬಾದಿನವರು ವಿಮಾನ ಹತ್ತಲು ಹೋಗುವ ಹೈದರಾಬಾದಿನ ನಿಲ್ದಾಣದಲ್ಲಿಯೇ ಅಂದು ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಅದು ಶತ್ರುವಿನ ದಾಳಿಯಾಗಿರಲಿಲ್ಲ. ತಿದ್ದುಪಡಿಯನ್ನು ಮೊದಲು ಕೆಲವೇ ಯಂತ್ರಗಳಲ್ಲಿ ಪ್ರಯೋಗಿಸಿ ನೋಡದೆ ಎಲ್ಲೆಡೆಗೂ ಒಮ್ಮೆಗೇ ಕಳುಹಿಸಿದ ಅವಸರವೇ ಅನರ್ಥವನ್ನು ಇಷ್ಟು ಹಬ್ಬಿಸಿತು. ಮುಂದೆ ಹಂತಹಂತವಾಗಿ ಕಳುಹಿಸುವುದಾಗಿ ಸಂಸ್ಥೆಯೇ ಪ್ರಕಟಿಸಿತು. ಹೊಸ ಬೀಜವನ್ನು ಮೊದಲು ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡುವ ನಮ್ಮ ರೈತನಿಗೆ ಈ ಪಾಠವು ಹೊಸದಲ್ಲ.

ಅದೇ ವರ್ಷದ ಮಾರ್ಚ್ ತಿಂಗಳಿನ ಇನ್ನೊಂದು ಘಟನೆಯು ಇದಕ್ಕಿಂತಲೂ ಮನನೀಯವಾದುದು. ಲೋಕದ ಅಸಂಖ್ಯಾತ ಯಂತ್ರಗಳಲ್ಲಿ ಬಳಕೆಯಾಗುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶವನ್ನು ಒಬ್ಬ ಸ್ವಯಂಸೇವಕನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದನು. ಅವನು ದಣಿದಿದ್ದ ಹೊತ್ತಿನಲ್ಲಿ ನೆರವಾಗುವ ವೇಷದಿಂದ ಬಂದ ಅಜ್ಞಾತನೊಬ್ಬನು ಎರಡು ವರ್ಷಗಳಿಗೂ ಮಿಕ್ಕಿ ಕೆಲಸ ಮಾಡಿ ನಂಬಿಕೆಯನ್ನು ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇರಿಸಿದನು. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರು. ಯಂತ್ರವು ಒಳಗೆ ಬಿಟ್ಟುಕೊಳ್ಳಲು ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದೆಯೆಂಬುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿ ಹೋದುದರಿಂದ ಲೋಕವು ಮಹಾವಿಪತ್ತಿನಿಂದ ಪಾರಾಯಿತು. ಬಾಗಿಲು ತೆರೆದುದು ಒಬ್ಬನ ದಣಿವಿನಿಂದ. ಮುಚ್ಚಿದುದು ಇನ್ನೊಬ್ಬನ ಏಕಾಗ್ರತೆಯಿಂದ. ಯಂತ್ರದ ಸುರಕ್ಷೆಯು ಕೊನೆಗೆ ಮನುಷ್ಯನ ಮನಸ್ಸಿನ ಸ್ವಾಸ್ಥ್ಯವನ್ನೇ ಅವಲಂಬಿಸಿದೆಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಾಗಿದ್ದರೂ ಕಚೇರಿಗಳಲ್ಲಿ ನಡೆಯುತ್ತಿರುವ ಚರ್ಚೆಯು ಇದಕ್ಕೆ ವಿರುದ್ಧವಾಗಿದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ 9 ಗಂಟೆ, ಹೆಚ್ಚುವರಿ ದುಡಿಮೆ ಸೇರಿ 10 ಗಂಟೆ ಎಂಬ ಮಿತಿಯನ್ನಿಟ್ಟಿತ್ತು. ಸಾಫ್ಟ್‌ವೇರ್ ನೌಕರರ ಮಟ್ಟಿಗೆ ಅದನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾಪವು 2024ರ ಜುಲೈಯಲ್ಲಿ ಬಂದಾಗ ನೌಕರರ ಸಂಘವು ಪ್ರತಿಭಟಿಸಿತು. 2025ರ ಜೂನಿನಲ್ಲಿ 12 ಗಂಟೆಗಳ ಮಾತು ಮತ್ತೆ ಕೇಳಿಬಂದಿತು.

ಈ ಸಂದರ್ಭದಲ್ಲಿ ಕೆಲವರು ಶರಣರ ಕಾಯಕತತ್ತ್ವವನ್ನೇ ಮುಂದೊಡ್ಡಿ, ಬಿಡುವಿಲ್ಲದ ದುಡಿಮೆಯೇ ನಮ್ಮ ಧರ್ಮವೆಂದು ವಾದಿಸುವುದುಂಟು. ಇದನ್ನು ನಾವು ಒಪ್ಪಲಾರೆವು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಮೆಚ್ಚಲಿಲ್ಲ. ಮಿಕ್ಕುದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಇದು ಕಲ್ಯಾಣದ ನೆಲದಲ್ಲಿಯೇ ನಡೆದ ಪ್ರಸಂಗ. ಕಾಯಕದ ಬೆಲೆಯನ್ನು ಶುದ್ಧಿಯಿಂದ ಅಳೆದರೇ ಹೊರತು ಹೇರಿಕೆಯಿಂದಲ್ಲ. ಮೇಲಾಗಿ, ಕಾಯಕವು ತಾನಾಗಿ ಕೈಕೊಳ್ಳುವ ವ್ರತ. ಒಡೆಯನು ಹೊರಿಸುವ ಗಂಟೆಗಳ ಲೆಕ್ಕವನ್ನು ಆ ಹೆಸರಿನಿಂದ ಕರೆಯುವುದು ತರವಲ್ಲ. ಹದಿನಾಲ್ಕನೆಯ ಗಂಟೆಯಲ್ಲಿ ತೂಕಡಿಸುವ ಕಣ್ಣಿಗೆ ಆ ಅರ್ಧ ಸೆಕೆಂಡಿನ ವ್ಯತ್ಯಾಸವು ಕಾಣುವುದುಂಟೇ? ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಸಂಬಳವೆಷ್ಟೆಂದು ಕೇಳುವ ತಂದೆತಾಯಿಗಳು, ನಿದ್ದೆಯೆಷ್ಟೆಂಬುದನ್ನೂ ಕೇಳಬೇಕು.

ಇದರಿಂದ ಯಂತ್ರವೇ ಬೇಡವೆಂಬ ಅರ್ಥವಾಗಬಾರದು. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಿಂದ ಕೈಬರಹದ ಪಹಣಿಗಾಗಿ ಗ್ರಾಮಲೆಕ್ಕಿಗನ ಹಿಂದೆ ಅಲೆಯುವ ಕಷ್ಟ ತಪ್ಪಿತು. ಅಲ್ಲಿ ಅಧಿಕಾರಿಯು ಬೆರಳಚ್ಚು ಕೊಟ್ಟೇ ಒಳಹೋಗಬೇಕಾದುದರಿಂದ ದಾಖಲೆಯನ್ನು ಮುಟ್ಟಿದವರಾರೆಂಬುದು ಗುಪ್ತವಾಗಿ ಉಳಿಯುವುದಿಲ್ಲ. ಹೊಣೆಯನ್ನು ತೋರಿಸುವ ಯಂತ್ರವು ಉಪಕಾರಿ. ಹೊಣೆಯನ್ನು ಮರೆಸುವ ಯಂತ್ರವು ಅಪಾಯಕಾರಿ.

ಮನೆಯ ಹಿರಿಯರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಪೊಲೀಸರ ವೇಷದಲ್ಲಿ ಮೊಬೈಲಿನ ತೆರೆಯ ಮೇಲೆ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆಂದು ಬೆದರಿಸಿ ಹಣ ಕೀಳುವ ವಂಚನೆಯು ನಮ್ಮ ನಾಡಿನಲ್ಲಿಯೂ ಹಬ್ಬಿದೆ. ವಿಜಯಪುರದ ಒಬ್ಬರು ಇಂತಹ ವಂಚಕನೊಡನೆ ಧೈರ್ಯದಿಂದ ಮಾತನಾಡಿ ಚಿತ್ರೀಕರಿಸಿಕೊಂಡುದನ್ನು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಮಂತ್ರಿಗಳು ದೇಶಕ್ಕೆಲ್ಲ ಕೇಳಿಸಿದರು. ಅಂತಹ ಬಂಧನವು ನಮ್ಮ ಕಾನೂನಿನಲ್ಲಿಯೇ ಇಲ್ಲ. ಹಣವನ್ನು ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಕೊಡಲು ಮಾತ್ರ ಬೇಕು. ಓಟಿಪಿಯನ್ನು ಕೇಳುವವನು ಯಾರೇ ಆಗಿರಲಿ, ಅವನು ಆಪ್ತನಲ್ಲ. ಮೋಸವಾಯಿತೆಂದು ತಿಳಿದೊಡನೆ ಲಜ್ಜೆಯಿಂದ ಮುಚ್ಚಿಡದೆ 1930ಕ್ಕೆ ಕರೆ ಮಾಡಬೇಕು. ದೂರು ಎಷ್ಟು ಬೇಗ ತಲುಪುವುದೋ ಹಣವನ್ನು ತಡೆಹಿಡಿಯುವ ಅವಕಾಶವೂ ಅಷ್ಟು ಹೆಚ್ಚು.

ವಂಚಕನ ಮೊದಲ ಆಯುಧವೇ ಅವಸರ. ‘ಈಗಲೇ, ಯಾರಿಗೂ ಹೇಳಬೇಡಿ’ ಎಂಬುದು ಅವನ ಮಂತ್ರ. ಆದುದರಿಂದ ಇಂತಹ ಕರೆ ಬಂದಾಗ ಮೊಬೈಲನ್ನು ಕೆಳಗಿಟ್ಟು, ಮನೆಯವರೊಡನೆ ಕೂಡಿ ಮಾತನಾಡುವ ನಿಯಮವನ್ನು ಪ್ರತಿಯೊಂದು ಕುಟುಂಬವೂ ಇಂದೇ ಮಾಡಿಕೊಳ್ಳಲಿ.