ನಿಮಗಿದು ಗೊತ್ತೆ? ಪ್ರವಾಸಿಗರ ನೆರವಿಗೆ ‘ಪ್ರವಾಸಿ ಮಿತ್ರ’

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ವ್ಯವಸ್ಥೆಯು ರಾಜ್ಯಪಟ್ಟಿಗೆ, ಅಂದರೆ ರಾಜ್ಯಗಳೇ ಶಾಸನ ರೂಪಿಸುವ ವಿಷಯಗಳ ಪಟ್ಟಿಗೆ ಸೇರಿರುವುದರಿಂದ, ಪ್ರವಾಸಿಗರಿಗಾಗಿ ಪ್ರತ್ಯೇಕ ಪಡೆ ಇರಬೇಕೇ, ಇದ್ದರೆ ಅದರ ಸ್ವರೂಪವೇನು ಎಂಬುದನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ. ಕರ್ನಾಟಕದ ಪ್ರವಾಸಿ ತಾಣಗಳಲ್ಲಿ ಕಾಣಸಿಗುವ ‘ಪ್ರವಾಸಿ ಮಿತ್ರ’ರು ಪೊಲೀಸ್ ಇಲಾಖೆಯ ಕಾಯಂ ಸಿಬ್ಬಂದಿಯಲ್ಲ, ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ಪಡೆಯಾದ ಗೃಹರಕ್ಷಕ ದಳದಿಂದ ಆಯ್ದು, ತರಬೇತಿ ನೀಡಿ ನಿಯೋಜಿಸಲಾದವರು. ದಾರಿ ತಿಳಿಸುವುದು, ಮಾಹಿತಿ ನೀಡುವುದು, ಕಿರುಕುಳಕ್ಕೆ ಒಳಗಾದವರ ಬೆಂಬಲಕ್ಕೆ ನಿಲ್ಲುವುದು ಇವರ ಕೆಲಸವಾದರೆ, ಪ್ರಕರಣ ದಾಖಲಿಸಿ ತನಿಖೆ ನಡೆಸುವ ಅಧಿಕಾರ ಪೊಲೀಸ್ ಠಾಣೆಗೇ ಸೇರಿದ್ದು.

ಕಳ್ಳತನಕ್ಕೆ ಗುರಿಯಾದ ಪ್ರವಾಸಿಗನು ಮರುದಿನ ಬೇರೊಂದು ಊರಿನಲ್ಲಿ ಇರಬಹುದಾದ್ದರಿಂದ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅವನ ಪಾಲಿಗೆ ನಿಜಕ್ಕೂ ಅಮೂಲ್ಯವಾದುದು. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಅಂದರೆ ಸಂಜ್ಞೇಯವಾದ ಅಪರಾಧವು ಎಲ್ಲೇ ನಡೆದಿರಲಿ, ಅದರ ಮಾಹಿತಿಯನ್ನು ಯಾವ ಠಾಣೆಯಲ್ಲಿ ಬೇಕಾದರೂ ನೀಡಲು ಈ ಕಲಮು ಅವಕಾಶ ಕೊಡುತ್ತದೆ. ‘ಶೂನ್ಯ ಎಫ್‌ಐಆರ್’ ಎಂದು ಕರೆಯುವುದು ಇದನ್ನೇ. ಮಾಹಿತಿಯನ್ನು ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಕಳುಹಿಸಬಹುದು, ಆದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು.

ಭಾಷೆ ತಿಳಿಯದ ವಿದೇಶಿಯರ ಕಷ್ಟ ಇನ್ನೂ ದೊಡ್ಡದು. ಅದಕ್ಕಾಗಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2016ರಲ್ಲಿ ಆರಂಭಿಸಿದ 1363 ಸಹಾಯವಾಣಿಯು ಹಿಂದಿ, ಇಂಗ್ಲಿಷ್ ಮತ್ತು ಹತ್ತು ವಿದೇಶಿ ಭಾಷೆಗಳಲ್ಲಿ ಉತ್ತರಿಸುವಂತೆ ರೂಪುಗೊಂಡಿತು. ಪ್ರವಾಸಿಗರಿಗೆಂದೇ ಪ್ರತ್ಯೇಕ ಪೊಲೀಸ್ ವಿಭಾಗ ಹೊಂದಿರುವ ಥಾಯ್ಲೆಂಡ್‌ನಲ್ಲಿ ಇಂಥ ಕರೆಗೆ ಇರುವ ಸಂಖ್ಯೆ 1155.