ಇಪ್ಪತ್ತೈದು ಪದಗಳ ವಾತ್ಸಲ್ಯ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯು ಫ್ರಾನ್ಸನ್ನು ಆಕ್ರಮಿಸುತ್ತ ಕಡಲತಡಿಯವರೆಗೂ ಬಂದ 1940ರ ಜೂನ್ ತಿಂಗಳಿನಲ್ಲಿ, ಫ್ರಾನ್ಸಿನ ತೀರಕ್ಕೆ ಸಮೀಪವಾಗಿದ್ದೂ ಬ್ರಿಟಿಷ್ ಅರಸೊತ್ತಿಗೆಗೆ ಸೇರಿದ್ದ ಗರ್ನ್‌ಸಿ ದ್ವೀಪದ ತಾಯಂದಿರು, ತಮ್ಮ ಮಕ್ಕಳನ್ನು ಸಾವಿರಾರು ಸಂಖ್ಯೆಯಲ್ಲಿ ಶಾಲೆಯ ಉಪಾಧ್ಯಾಯರ ವಶಕ್ಕೊಪ್ಪಿಸಿ, ಹಡಗುಗಳಲ್ಲಿ ಇಂಗ್ಲೆಂಡಿಗೆ ಕಳುಹಿಸಿಕೊಟ್ಟರು. ಆ ತಿಂಗಳ ಕಡೆಯ ದಿನ ದ್ವೀಪವು ಶತ್ರುವಶವಾಯಿತು. ಅಂಚೆಯ ಸಂಪರ್ಕ ಕಡಿದುಹೋಯಿತು.

ಆಗ ನೆರವಿಗೊದಗಿದುದು ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ. ಅದರ ಮೂಲಕ ಸಾಗುವ ಮುದ್ರಿತ ನಮೂನೆಯಲ್ಲಿ ಮನೆವಾರ್ತೆಯನ್ನಷ್ಟೇ, ಅದನ್ನೂ 25 ಪದಗಳನ್ನು ಮೀರದಂತೆ, ಬರೆಯಬೇಕಾಗಿತ್ತು. ಸೆನ್ಸಾರ್ ಅಧಿಕಾರಿಗಳ ದೃಷ್ಟಿಯನ್ನು ಹಾದು, ಆಕ್ರಾಂತ ಯೂರೋಪನ್ನು ದಾಟಿ, ಜಿನೀವಾವನ್ನು ಮುಟ್ಟಿ, ಇಂಗ್ಲೆಂಡಿಗೆ ತಲಪಲು ಆ ಹಾಳೆಗೆ ತಿಂಗಳುಗಳೇ ಹಿಡಿಯುತ್ತಿದ್ದುವು; ಮಗಳು ಅದರ ಬೆನ್ನಿನಲ್ಲಿಯೇ ಉತ್ತರವನ್ನು ಬರೆದು, ಬಂದ ದಾರಿಯಲ್ಲಿಯೇ ಹಿಂದಿರುಗಿಸುತ್ತಿದ್ದಳು. ಕ್ಷೇಮ, ಶಾಲೆ, ಹುಟ್ಟುಹಬ್ಬದ ಹರಕೆ, ಇಷ್ಟಕ್ಕೇ ಪದಗಳು ಮುಗಿಯುತ್ತಿದ್ದುವಾದರೂ, ಮಗಳು ಜೀವದಿಂದಿದ್ದಾಳೆಂಬ ಮಾತೊಂದೇ ತಾಯಿಗೆ ಪರಮಾಧಾರವಾಗಿತ್ತು.

1945ರ ಮೇ 9ರಂದು ದ್ವೀಪವು ವಿಮುಕ್ತವಾದ ಮೇಲೆ, ಐದರ ವಯಸ್ಸಿನಲ್ಲಿ ಹೊರಟಿದ್ದ ಹುಡುಗಿಯರು ಹತ್ತರವರಾಗಿ, ಉತ್ತರ ಇಂಗ್ಲೆಂಡಿನ ಉಚ್ಚಾರಣೆಯನ್ನು ಕಲಿತು, ತಾಯಿಯ ಮುಖವನ್ನೇ ಮರೆತು ಮರಳಿದುದೂ ಉಂಟು. ಅಲ್ಪಾಕ್ಷರಗಳು ಬಾಂಧವ್ಯವನ್ನು ಉಳಿಸಬಲ್ಲುವು. ಕಳೆದುಹೋದ ಬಾಲ್ಯವನ್ನು ತುಂಬಿಕೊಡಲಾರವು.

ಯುದ್ಧಾನಂತರ ಲೋಕವು ಈ ವೇದನೆಯಿಂದ ಪಾಠ ಕಲಿಯಿತು. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 25ನೆಯ ವಿಧಿಯು ಕುಟುಂಬದವರ ಪತ್ರವ್ಯವಹಾರವನ್ನು ಹಕ್ಕೆಂದು ಅಂಗೀಕರಿಸಿ, ನಿರ್ಬಂಧ ಅನಿವಾರ್ಯವಾದರೂ ತಿಂಗಳಿಗೊಂದು ನಮೂನೆಗೂ, ಸ್ವೇಚ್ಛೆಯಿಂದ ಆಯ್ದ 25 ಪದಗಳಿಗೂ ಕಡಮೆಯಾಗಕೂಡದೆಂದು ವಿಧಿಸಿತು. ಇಂದಿನ ಯುದ್ಧಗಳಲ್ಲಿಯೂ ಯಾವ ಸರ್ಕಾರವೂ ತಾಯಿಮಕ್ಕಳಿಗೆ ಈ ಹಕ್ಕನ್ನು ನಿರಾಕರಿಸಬಾರದು.