ಕಾಯಿನ್ ಎಲ್ಲಿ ಹಾಕೋದು ಸ್ವಾಮಿ?

ಮನೆಯ ಕಂಪ್ಯೂಟರಿನಲ್ಲಿ ಹಳೇ ಪಾರ್ಲರ್ ಆಟ ತೆರೆದವರಿಗೆ ಮೊದಲು ಎದುರಾಗುವ ಫಜೀತಿ ಇದೇ. ಪರದೆ ಮೇಲೆ ‘ಇನ್ಸರ್ಟ್ ಕಾಯಿನ್’ ಎಂಬ ಅಕ್ಷರ ಮಿಣಮಿಣ ಅನ್ನುತ್ತಿರುತ್ತದೆ. ಎಂಟರ್ ಒತ್ತಿದರೂ ಇಲ್ಲ, ಸ್ಪೇಸ್ ಒತ್ತಿದರೂ ಇಲ್ಲ. ಕಾಯಿನ್ ಹಾಕೋ ತೂತು ಕಂಪ್ಯೂಟರಿನಲ್ಲಿ ಎಲ್ಲಿದೆ?

ಉತ್ತರ ಸುಲಭ. ಕೀಬೋರ್ಡಿನ ಮೇಲಿನ ಸಾಲಿನಲ್ಲಿರುವ 5 ಒತ್ತಿ. ಕಾಯಿನ್ ಬಿತ್ತು! ಆಮೇಲೆ 1 ಒತ್ತಿ. ಆಟ ಶುರು. ನೂರು ಸಲ ಒತ್ತಿದರೂ ಜೇಬಿನಿಂದ ಚಿಕ್ಕಾಸು ಹೋಗೋದಿಲ್ಲ.

ಹಾಗಾದರೆ ಎಲ್ಲಾ ಪುಕ್ಕಟೆಯೇ? ಗುಟ್ಟು ಇರೋದು ಅಲ್ಲೇ. ಯಾವುದು ಪುಕ್ಕಟೆ, ಯಾವುದು ಪರರ ಸ್ವತ್ತು ಅಂತ ತಿಳಿಯದೆ ಕೈ ಹಾಕಿದರೆ ಮನೆಯಲ್ಲಾದರೆ ಕಂಪ್ಯೂಟರ್ ಕೆಟ್ಟೀತು, ಅಂಗಡಿಯಲ್ಲಾದರೆ ಕೇಸು ಬಿದ್ದೀತು.

ಮುಸ್ತಫಾನ ಕಾಲ

ತೊಂಬತ್ತರ ದಶಕ. ಬಸ್ ಸ್ಟಾಂಡಿನ ಹಿಂದಿನ ಓಣಿ, ಟಾಕೀಸಿನ ಪಕ್ಕದ ಮಳಿಗೆ, ಕಾಲೇಜು ರಸ್ತೆಯ ಮೂಲೆ. ಅಲ್ಲೆಲ್ಲ ಕತ್ತಲೆ ಕೋಣೆಯೊಳಗೆ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು ಕುಯ್ಯಂ ಕುಯ್ಯಂ ಅನ್ನುತ್ತಿದ್ದವು. ಒಬ್ಬ ಆಡುತ್ತಿದ್ದರೆ ಐದು ಜನ ಹಿಂದೆ ನಿಂತು ‘ಹೊಡಿ, ಹೊಡಿ’ ಅನ್ನುತ್ತಿದ್ದರು. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಟೋಕನ್ ಮುಗಿಯಬಾರದು ಅಷ್ಟೇ.

ಆ ಪೆಟ್ಟಿಗೆಗಳಲ್ಲಿ ಭಾರತದುದ್ದಕ್ಕೂ ಮನೆಮಾತಾದ ಆಟ ಒಂದು. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದದ್ದು. ಆ ಹೆಸರನ್ನು ಇಲ್ಲಿ ಯಾರು ಕರೆದರು? ಆಡೋಕೆ ಸಿಗುವ ನಾಲ್ವರಲ್ಲಿ ಒಬ್ಬ ಮುಸ್ತಫಾ ಕೈರೋ. ಚುರುಕಾಗಿ ಓಡುವವನು, ಹಾರಿ ಒದೆಯುವವನು. ಜನ ಇಡೀ ಆಟಕ್ಕೇ ‘ಮುಸ್ತಫಾ’ ಅಂತ ನಾಮಕರಣ ಮಾಡಿಬಿಟ್ಟರು.

ಪಾರ್ಲರುಗಳು ಮುಚ್ಚಿದವು. ಆ ಜಾಗದಲ್ಲಿ ಝೆರಾಕ್ಸ್ ಬಂತು, ಎಸ್‌ಟಿಡಿ ಬೂತ್ ಬಂತು, ಆಮೇಲೆ ಮೊಬೈಲ್ ಅಂಗಡಿ ಬಂತು. ಅಂದಿನ ಹುಡುಗರಿಗೆ ಇಂದು ನಲವತ್ತು ದಾಟಿದೆ. ಈಗ ಮಕ್ಕಳ ಕಂಪ್ಯೂಟರಿನಲ್ಲಿ ಆ ಆಟ ಹುಡುಕುತ್ತಿರೋರು ಅವರೇ.

ಕಂಪ್ಯೂಟರಿನ ಹಗಲುವೇಷ

ಆ ದೊಡ್ಡ ಪೆಟ್ಟಿಗೆಯ ಆಟ ಈ ಕಂಪ್ಯೂಟರಿಗೆ ಬರೋದು ಹೇಗೆ? ಹಗಲುವೇಷದವರನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಒಬ್ಬನೇ ಮನುಷ್ಯ ಬೆಳಿಗ್ಗೆ ಪೋಲೀಸು, ಮಧ್ಯಾಹ್ನ ಹನುಮಂತ. ಕಂಪ್ಯೂಟರಿಗೂ ಹಾಗೇ ವೇಷ ಕಟ್ಟಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಅಂತ ಹೆಸರು. ಹಳೇ ಯಂತ್ರದ ಚಿಪ್ಪು ಏನೇನು ಮಾಡುತ್ತಿತ್ತೋ ಅದನ್ನೆಲ್ಲ ಇದು ಮಾಡಿ ತೋರಿಸುತ್ತದೆ. ಆಟ ಬರೆದಿಟ್ಟ ಚಿಪ್ಪುಗಳಿಗೆ ‘ರಾಮ್’ ಅನ್ನುತ್ತಾರೆ. ಅದರೊಳಗಿನ ಬರಹವನ್ನು ನಕಲು ತೆಗೆದು ಫೈಲ್ ಮಾಡಿದರೆ ಅದೇ ರಾಮ್ ಫೈಲ್. ವೇಷಗಾರ ಎಮ್ಯುಲೇಟರ್, ಪ್ರಸಂಗದ ಪುಸ್ತಕ ರಾಮ್. ಎರಡೂ ಸೇರಿದರೆ ಆಟ.

ಈ ವೇಷಗಾರರಲ್ಲಿ ಹೆಸರುವಾಸಿಯಾದದ್ದು ‘ಮೇಮ್’. ಪೂರ್ತಿ ಹೆಸರು ಮಲ್ಟಿಪಲ್ ಆರ್ಕೇಡ್ ಮೆಷಿನ್ ಎಮ್ಯುಲೇಟರ್. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಮೊದಲ ಕಂತು ಬಿಟ್ಟರು. ಶುರುವಾದದ್ದು ‘ಪ್ಯಾಕ್‌ಮನ್’ ಮತ್ತು ಅದರ ದಾಯಾದಿ ಆಟಗಳಿಂದ. ಇವತ್ತು ಸಾವಿರಾರು ಆಟಗಳನ್ನು ಅದು ಬಲ್ಲದು. 2016ರಿಂದ ಪ್ರೋಗ್ರಾಮಿನ ಮೂಲ ಬರಹವೂ ಮುಕ್ತ ಲೈಸೆನ್ಸಿನಲ್ಲಿದೆ.

ಹಳೇ ಆಟ ಎಷ್ಟು ಚಿಕ್ಕದು ಗೊತ್ತೇ? 1980ರ ಪ್ಯಾಕ್‌ಮನ್ ಓಡುತ್ತಿದ್ದದ್ದು ಸುಮಾರು 3 ಮೆಗಾಹರ್ಟ್ಸ್ ವೇಗದ ‘ಝಡ್ 80’ ಚಿಪ್ಪಿನ ಮೇಲೆ. ಅದರ ಪ್ರೋಗ್ರಾಂ ಇಡೀ 16 ಕಿಲೋಬೈಟ್. ಬೆಳಿಗ್ಗೆದ್ದು ನೆಂಟರು ಕಳಿಸುವ ‘ಗುಡ್ ಮಾರ್ನಿಂಗ್’ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ!

ಇನ್ನೊಂದು ಮಜಾ. ಪ್ಯಾಕ್‌ಮನ್‌ನಲ್ಲಿ 256ನೇ ಸುತ್ತಿಗೆ ಬಂದರೆ ಎಣಿಕೆ ತಪ್ಪಿ ಅರ್ಧ ಪರದೆ ಕಸಕಸ ಆಗುತ್ತದೆ. ಮೂಲ ಯಂತ್ರದ ತಪ್ಪು ಅದು. ಮೇಮ್‌ನಲ್ಲೂ ಆ ತಪ್ಪು ಹಾಗೇ ಬರುತ್ತದೆ. ಯಾಕೆಂದರೆ ಓಡುತ್ತಿರೋದು ಅದೇ ಹಳೇ ಬರಹ. ತಿದ್ದುವುದು ವೇಷಗಾರನ ಕೆಲಸ ಅಲ್ಲ.

ಶುರು ಮಾಡೋದು ಹೀಗೆ

ದುಬಾರಿ ಕಂಪ್ಯೂಟರ್ ಬೇಡ. ಎಂಬತ್ತರ ದಶಕದ ಆಟಗಳಿಗೆ ಹತ್ತು ವರ್ಷ ಹಳೆಯದಾದರೂ ನಡೆಯುತ್ತದೆ. ಆದರೆ ವಿಂಡೋಸ್ 64 ಬಿಟ್‌ನದಾಗಿರಬೇಕು.

ಮೊದಲು ಮೇಮ್ ತಂಡದವರದೇ ತಾಣವಾದ ಮೇಮ್‌ಡೆವ್ ಡಾಟ್ ಆರ್ಗ್‌ಗೆ ಹೋಗಿ ಪ್ರೋಗ್ರಾಂ ಇಳಿಸಿಕೊಳ್ಳಬೇಕು. ಅದನ್ನು ಒಂದು ಫೋಲ್ಡರಿನೊಳಗೆ ಬಿಚ್ಚಿದರೆ ಸಾಕು, ಬೇರೆ ಇನ್‌ಸ್ಟಾಲ್ ಕೆಲಸ ಇಲ್ಲ. ಆ ಫೋಲ್ಡರಿನೊಳಗೆ ‘ರಾಮ್ಸ್’ ಅನ್ನೋ ಇನ್ನೊಂದು ಫೋಲ್ಡರ್ ಇರುತ್ತದೆ. ಆಟದ ಫೈಲುಗಳು ಕೂರಬೇಕಾದ ಜಾಗ ಅದು.

ಆಟ ಎಲ್ಲಿಂದ? ಕಂಡ ಕಂಡ ಕಡೆ ಹುಡುಕಬೇಡಿ. ಹಕ್ಕುದಾರರೇ ಒಪ್ಪಿ, ವ್ಯಾಪಾರಕ್ಕಲ್ಲದ ಉಪಯೋಗಕ್ಕೆ ಬಿಟ್ಟುಕೊಟ್ಟ ಕೆಲವು ಆಟಗಳು ಅದೇ ತಾಣದಲ್ಲಿ ಇವೆ. 1981ರ ‘ರಾಬಿ ರೋಟೋ’ ಅಂಥದ್ದು. ಅದನ್ನು ಬರೆದ ಜೇಮಿ ಫೆಂಟನ್ ಅವರೇ ಅನುಮತಿ ಕೊಟ್ಟಿದ್ದಾರೆ. ‘ಗ್ರಿಡ್ಲಿ’ ಅಂತ ಇನ್ನೊಂದು, 1983ರದು. ಪಾಪ, ಅದು ಮಾರುಕಟ್ಟೆಗೇ ಬರಲಿಲ್ಲ! ಅಂದು ಯಾರೂ ಕಾಯಿನ್ ಹಾಕದ ಆಟವನ್ನು ಇಂದು ಮನೆಯಲ್ಲಿ ಕೂತು ಆಡಬಹುದು. ಕೈ ಪಳಗಿಸೋಕೆ ಇವೇ ಸಾಕು.

ಇಳಿಸಿದ ಫೈಲ್ ಜಿಪ್ ಕಟ್ಟಿನಲ್ಲಿರುತ್ತದೆ. ಅದನ್ನು ಬಿಚ್ಚಬೇಡಿ, ಹೆಸರೂ ಬದಲಿಸಬೇಡಿ. ಕಟ್ಟಿದ ಗಂಟು ಕಟ್ಟಿದ ಹಾಗೇ ‘ರಾಮ್ಸ್’ ಫೋಲ್ಡರಿಗೆ ಹಾಕಿ. ಮೇಮ್ ತೆರೆದರೆ ಪಟ್ಟಿಯಲ್ಲಿ ಆಟ ಕಾಣಿಸುತ್ತದೆ.

ಇನ್ನು ಕೀಲಿಗಳು. ಬಾಣದ ಗುರುತಿನ ಕೀಲಿಗಳಿಂದ ಓಡಾಟ. ಎಡಗಡೆಯ ಕಂಟ್ರೋಲ್ ಒಂದನೇ ಗುಂಡಿ, ಎಡಗಡೆಯ ಆಲ್ಟ್ ಎರಡನೇದು, ಸ್ಪೇಸ್ ಮೂರನೇದು. ಜೊತೆಗಾರನ ಕಾಯಿನ್ನಿಗೆ 6, ಅವನ ಆಟಕ್ಕೆ 2. ಎಸ್ಕೇಪ್ ಒತ್ತಿದರೆ ಹೊರಗೆ. ಇದ್ಯಾವುದೂ ಕೈಗೆ ಒಗ್ಗದಿದ್ದರೆ ಟ್ಯಾಬ್ ಒತ್ತಿ, ಬರುವ ಪಟ್ಟಿಯಲ್ಲಿ ಬೇಕಾದ ಹಾಗೆ ಬದಲಿಸಿಕೊಳ್ಳಿ.

ಕೈ ಕೊಡೋದು ಎಲ್ಲಿ?

ಹೊಸಬರು ಸೋಲೋದು ಬಹುತೇಕ ಒಂದೇ ಕಡೆ. ‘ಫೈಲ್ ಇಲ್ಲ’ ಅಂತ ಮೇಮ್ ಹಟ ಹಿಡಿಯುತ್ತದೆ. ಫೈಲ್ ಕಣ್ಣೆದುರೇ ಇದೆಯಲ್ಲ ಅಂತ ಇವರ ವಾದ. ನಿಜ ಏನೆಂದರೆ ಮೇಮ್ ಹೊಸದಾದ ಹಾಗೆ ಯಾವ ಆಟಕ್ಕೆ ಯಾವ ಚಿಪ್ಪಿನ ಬರಹ ಬೇಕು ಅನ್ನೋ ಲೆಕ್ಕವೂ ಪರಿಷ್ಕಾರ ಆಗುತ್ತಿರುತ್ತದೆ. ಹಳೇ ಕಾಲದ ಕಟ್ಟು ಹೊಸ ಮೇಮ್‌ಗೆ ಹೊಂದೋದಿಲ್ಲ. ಕೆಲವು ಆಟಗಳು ಮೂಲ ಆಟದ ಕವಲುಗಳು. ತಾಯಿ ಕಟ್ಟು ಜೊತೆಗಿಲ್ಲದೆ ಮರಿ ಕಟ್ಟು ಒಂದೇ ಓಡದಿರಬಹುದು.

ಎರಡನೇದು ಕೀಬೋರ್ಡ್. ಇಬ್ಬರೂ ಸೇರಿ ಒಂದೇ ಕೀಬೋರ್ಡ್ ಕುಟ್ಟಿದರೆ ಅಗ್ಗದ ಮಾಲು ನಾಲ್ಕೈದು ಕೀಲಿಯನ್ನು ಒಟ್ಟಿಗೆ ಗುರುತಿಸೋದಿಲ್ಲ. ‘ನಾನು ಒತ್ತಿದೆ, ಅದು ಹೊಡೀಲಿಲ್ಲ’ ಅಂತ ಅಣ್ಣ ತಮ್ಮಂದಿರ ಜಗಳ ಹತ್ತೋದು ಇಲ್ಲೇ. ಯುಎಸ್‌ಬಿ ಜಾಯ್‌ಸ್ಟಿಕ್ ಒಂದಿದ್ದರೆ ಮನೆಯಲ್ಲಿ ಶಾಂತಿ.

ಮೂರನೇದು ಮೋಸ. ‘ಆಟ ಬೇಕಾದರೆ ಈ ಪ್ರೋಗ್ರಾಂ ಓಡಿಸಿ’ ಅನ್ನುವ ತಾಣ ಕಂಡರೆ ಕೈ ಮುಗಿದು ಹೊರಗೆ ಬನ್ನಿ. ರಾಮ್ ಅನ್ನೋದು ತಾನಾಗಿ ಓಡುವ ಪ್ರೋಗ್ರಾಂ ಅಲ್ಲ. ಓಡಿಸು ಅಂದವನು ಕಂಪ್ಯೂಟರಿಗೆ ಕನ್ನ ಹಾಕೋಕೆ ಬಂದವನಿರಬಹುದು.

ಅಂಗಡಿಯವರೇ, ಕೊಂಚ ನಿಲ್ಲಿ

‘ಒಂದೇ ಡಬ್ಬಿಯಲ್ಲಿ ಸಾವಿರಾರು ಆಟ’ ಅಂತ ಮಾರುವ ಮಾಲನ್ನು ತಂದು ಅಂಗಡಿ ಮುಂದೆ ಇಟ್ಟರೆ ನಾಲ್ಕು ಹುಡುಗರು ಸೇರುತ್ತಾರೆ, ದಿನಕ್ಕಿಷ್ಟು ಕಾಸಾಗುತ್ತದೆ ಅನ್ನೋ ಲೆಕ್ಕಾಚಾರ ಸಹಜ. ಆದರೆ ವೇಷಗಾರ ಪುಕ್ಕಟೆ ಸಿಕ್ಕ ಮಾತ್ರಕ್ಕೆ ಪ್ರಸಂಗವೂ ಪುಕ್ಕಟೆ ಅಲ್ಲ. ನಲವತ್ತು ವರ್ಷ ಹಳೆಯದಾದರೂ ಆ ಆಟಗಳಿಗೆ ಮಾಲೀಕರಿದ್ದಾರೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಏನನ್ನುತ್ತದೆ? ಕದ್ದ ನಕಲು ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದವರಿಗೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲವಾದರೆ ಜೈಲು ಬಿಟ್ಟು 50 ಸಾವಿರದವರೆಗೆ ದಂಡ ಮಾತ್ರ ಹಾಕಲು ಕೋರ್ಟಿಗೆ ಅವಕಾಶ ಇದೆ. ಅಂದರೆ ಗಲ್ಲಾಪೆಟ್ಟಿಗೆ ಪಕ್ಕದಲ್ಲಿಟ್ಟು ಕಾಸು ಎಣಿಸುವವರಿಗೆ ಆ ರಿಯಾಯಿತಿ ಇಲ್ಲ. ಮಕ್ಕಳ ಕಾಸಿನ ಆಸೆಗೆ ವಕೀಲರ ಫೀಸು ಕಟ್ಟೋದು ಯಾವ ವ್ಯಾಪಾರ?

ಹಾಗಾದರೆ ಮುಸ್ತಫಾ? ಇಲ್ಲೇ ಬೇಜಾರಿನ ಸಂಗತಿ. ಕ್ಯಾಪ್‌ಕಾಮ್ ತನ್ನ ಹಳೇ ಹೊಡೆದಾಟದ ಏಳು ಆಟಗಳನ್ನು ಕಟ್ಟು ಮಾಡಿ 2018ರಲ್ಲಿ ಮತ್ತೆ ಮಾರಾಟಕ್ಕಿಟ್ಟಿತು. ಅದರಲ್ಲಿ ಮುಸ್ತಫಾ ಇರಲಿಲ್ಲ. ಆ ಆಟದ ಕಥೆ ಅಮೆರಿಕದ ಮಾರ್ಕ್ ಶುಲ್ಟ್ಜ್ ಅವರ ಕಾಮಿಕ್ಸಿನದು, ಹೆಸರಿನಲ್ಲಿರುವ ಕಾರು ಮತ್ತೊಂದು ಕಂಪನಿಯದು. ಹಕ್ಕು ಒಬ್ಬರ ಕೈಯಲ್ಲಿಲ್ಲ. ಇಲ್ಲಿನ ಜನ ಮೆಚ್ಚಿ ಮೆಚ್ಚಿ ಆಡಿದ ಆಟವನ್ನು ದುಡ್ಡು ಕೊಡ್ತೀನಿ ಅಂದರೂ ಮಾರೋರಿಲ್ಲ!

ಅಟ್ಟದ ಮೇಲಿನ ಬೋರ್ಡು

ಮಾರೋರಿಲ್ಲದ ಆಟ ಬದುಕೋದು ಹೇಗೆ? ಹಳೇ ಬೋರ್ಡುಗಳು ಶಾಶ್ವತ ಅಲ್ಲ. ಕ್ಯಾಪ್‌ಕಾಮ್ 1993ರಲ್ಲಿ ತಂದ ‘ಸಿಪಿಎಸ್ 2’ ಬೋರ್ಡುಗಳನ್ನೇ ನೋಡಿ. ನಕಲು ಮಾಡಬಾರದು ಅಂತ ಗುಟ್ಟಿನ ಕೀಲಿಯನ್ನು ಬ್ಯಾಟರಿಯ ಬಲದಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತ ದಿನ ಬೋರ್ಡೂ ಸತ್ತಿತು. ಆ ಬ್ಯಾಟರಿಗೆ ‘ಆತ್ಮಹತ್ಯೆ ಬ್ಯಾಟರಿ’ ಅಂತಲೇ ಅಡ್ಡಹೆಸರು. ಎಮ್ಯುಲೇಟರ್ ಮಂದಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು 2007ರ ಹೊತ್ತಿಗೆ ಆ ಗುಟ್ಟಿನ ಸೂತ್ರ ಬಿಡಿಸಿದರು. ಮೇಮ್ ಹುಟ್ಟಿದ್ದು ಬರೀ ಮೋಜಿಗಲ್ಲ, ಹಳೇ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಅಂತ ದಾಖಲೆ ಇಡೋಕೆ ಅಂತ ಅವರು ಹೇಳೋದು ಇದಕ್ಕೇ. ನಕಲಿ ಬೋರ್ಡುಗಳನ್ನೂ ಅವರು ಬಿಡೋದಿಲ್ಲ, ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು.

ಹಿಂದೆ ಪಾರ್ಲರ್ ನಡೆಸಿದವರ ಅಟ್ಟದ ಮೇಲೆ ಅಂಥ ಬೋರ್ಡು ಇನ್ನೂ ಧೂಳು ತಿನ್ನುತ್ತಿರಬಹುದು. ಇದ್ದರೆ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹಾಕಬೇಡಿ. ಕೆಲವು ಚಿಪ್ಪುಗಳ ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ, ಅದರ ಮೇಲೆ ಸ್ಟಿಕ್ಕರ್ ಇರುತ್ತದೆ. ಅದನ್ನು ಕೀಳಬೇಡಿ. ಬಿಸಿಲು ಬಿದ್ದು ಬಿದ್ದು ಒಳಗಿನ ಬರಹ ಅಳಿಸಿಹೋಗುತ್ತದೆ.

ಅಂದು ರೂಪಾಯಿ ರೂಪಾಯಿ ಕೂಡಿಸಿ ಆಡಿದ ಆಟ ಅದರೊಳಗೆ ಕೂತಿದೆ. ಒಮ್ಮೆ ಅಳಿಸಿಹೋದರೆ 5ನೇ ಕೀಲಿ ಎಷ್ಟು ಒತ್ತಿದರೂ ವಾಪಸು ಬರೋದಿಲ್ಲ.